ಕಳ್ಳಿ ಗಿಡಕ್ಕೂ ಗೊಬ್ಬರವೇ?

ನಮ್ಮ ಮನೆಯ ಕಿಟಕಿಯಲ್ಲಿದ್ದ ಕಳ್ಳಿ ಗಿಡ ಸತ್ತದ್ದು ನೀರಿಲ್ಲದೆ ಅಲ್ಲ, ನನ್ನ ಅಕ್ಕರೆಯಿಂದ. ಬೇಗ ಬೆಳೆಯಲೆಂದು ಒಣಗಿದ ಕುಂಡಕ್ಕೆ ಒಂದು ಚಮಚ ಯೂರಿಯಾ ಹಾಕಿ, ಮೇಲೆ ಸ್ವಲ್ಪ ನೀರು ಚಿಮುಕಿಸಿದ್ದೆ. ಕೆಲವೇ ದಿನಗಳಲ್ಲಿ ಬುಡ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಯಿತು. ತರಗತಿಯಲ್ಲಿ ಅಭಿಸರಣೆಯ ಪಾಠ ಮಾಡುವ ಮೇಷ್ಟ್ರ ಮನೆಯಲ್ಲೇ ಹೀಗೆ!

ಆಲೂಗಡ್ಡೆಯ ಹೋಳನ್ನು ಗಾಢ ಉಪ್ಪುನೀರಿನಲ್ಲಿಟ್ಟರೆ ಅದು ಬಾಡುತ್ತದಲ್ಲವೇ? ಬೇರಿನ ಸುತ್ತ ಗೊಬ್ಬರದ ದ್ರಾವಣ ಗಾಢವಾದರೂ ಅಷ್ಟೇ. ಬೇರಿನೊಳಗಿನ ನೀರೇ ಹೊರಕ್ಕೆ ಹೋಗುತ್ತದೆ. ಯೂರಿಯಾದಲ್ಲಂತೂ ನೂರಕ್ಕೆ 46 ಪಾಲು ಸಾರಜನಕ.

ಕಳ್ಳಿಯದು ನಿಧಾನದ ಬದುಕು. ನೀರು ಉಳಿಸಲು ಹಗಲಿನಲ್ಲಿ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಹೀರಿ ಕೂಡಿಡುತ್ತದೆ. ಇಂಥ ಗಿಡಕ್ಕೆ ಸಾರಜನಕ ಹೆಚ್ಚಾದರೆ ಕಾಂಡ ಊದಿಕೊಂಡು ಬೇಗ ಕೊಳೆಯುತ್ತದೆ.

ಹಾಗೆಂದು ಗೊಬ್ಬರವೇ ಬೇಡವೆಂದಲ್ಲ. ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಂ ಬೆರೆಸಿ, ಗಿಡ ಚಿಗುರುವ ಕಾಲದಲ್ಲಿ ತಿಂಗಳಿಗೊಮ್ಮೆ ಕೊಟ್ಟರೆ ಧಾರಾಳವಾಯಿತು. ಮಣ್ಣು ಮೊದಲೇ ತೇವವಾಗಿರಲಿ, ಕುಂಡದ ತಳದ ತೂತು ತೆರೆದಿರಲಿ. ಚಳಿಗಾಲದಲ್ಲಿ ಗಿಡ ವಿಶ್ರಾಂತಿಯಲ್ಲಿರುತ್ತದೆ, ಆಗ ಏನೂ ಬೇಡ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತಿದ್ದರೆ ಲವಣ ಶೇಖರವಾಗುತ್ತಿದೆ ಎಂದು ತಿಳಿದು, ಬರಿಯ ನೀರನ್ನು ಧಾರಾಳವಾಗಿ ಹಾಯಿಸಿ ಪೂರ್ತಿ ಬಸಿಯಲು ಬಿಡಿ.