ಶಾಲೆಗೆ ಹೊರಡುವ ಮುನ್ನ

ಬಾಣಾವರದ ಸುತ್ತಲಿನ ಗ್ರಾಮಗಳಲ್ಲಿ ಮುಂಜಾನೆಯೆಂದರೆ ಬಿಡುವಿಲ್ಲದ ಹೊತ್ತು. ಹಾಲು ಕರೆದು ಡೇರಿಗೆ ಹಾಕಬೇಕು, ಕೊಟ್ಟಿಗೆ ಗುಡಿಸಬೇಕು, ನೀರು ತುಂಬಬೇಕು. ಈ ಅವಸರದಲ್ಲಿ ಒಂದು ಲೋಟ ಕಾಫಿ ಕುಡಿದು ಶಾಲೆಗೆ ಓಡುವ ಮಕ್ಕಳುಂಟು. ಮನೆಗೆಲಸಕ್ಕೆ ನೆರವಾಗುವ ಹೆಣ್ಣುಮಗು ಬರಿಹೊಟ್ಟೆಯಲ್ಲಿಯೇ ಹೊರಡುವುದೂ ಉಂಟು.

ರಾತ್ರಿಯ ಊಟವಾಗಿ ಹತ್ತು ಗಂಟೆ ಕಳೆದ ಹೊಟ್ಟೆಗೆ ಕಾಫಿಯು ಆಹಾರವಾಗಲಾರದು. ಹಸಿದ ಮಗುವಿನ ಗಮನ ಪಾಠದಲ್ಲಿ ನಿಲ್ಲದು. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲಾಗಲಿ, ಮಧ್ಯಾಹ್ನದ ಬಿಸಿಯೂಟವಾಗಲಿ ಮನೆಯ ಉಪಾಹಾರಕ್ಕೆ ಪೂರಕವೇ ಹೊರತು ಬದಲಿಯಲ್ಲ.

ಉಪಾಹಾರಕ್ಕೆ ಹೆಚ್ಚು ಹಣ ಬೇಕಿಲ್ಲ. ಹಿಂದಿನ ದಿನದ ಸಿದ್ಧತೆ ಬೇಕು. ರಾಗಿಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಕುದಿಯುವ ನೀರಿಗೆ ಹುಯ್ದು ಕೈಯಾಡಿಸಿದರೆ ಹತ್ತು ನಿಮಿಷದಲ್ಲಿ ಅಂಬಲಿ ಸಿದ್ಧ. ಆರಿದ ಮೇಲೆ ಮಜ್ಜಿಗೆ, ಉಪ್ಪು ಬೆರೆಸಿರಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದ್ದು, ಬೆಳೆಯುವ ಮೂಳೆಗಳಿಗೆ ಅದು ಅವಶ್ಯಕ. ಹಿಂದಿನ ಬೆಳಿಗ್ಗೆ ನೆನೆಹಾಕಿ, ಸಂಜೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಹೆಸರುಕಾಳು ಮರುದಿನಕ್ಕೆ ಮೊಳೆತಿರುತ್ತದೆ; ಅದನ್ನು ಬೇಯಿಸಿ ತೆಂಗಿನತುರಿ ಸೇರಿಸಿರಿ. ನೆನೆಸಿದ ಅವಲಕ್ಕಿಗೆ ಮೊಸರು ಬೆರೆಸಿಯೂ ಕೊಡಬಹುದು. ಊಟತಿಂಡಿಯೊಡನೆ ಕಾಫಿ, ಚಹಾ ಬೇಡ; ಆಹಾರದಲ್ಲಿನ ಕಬ್ಬಿಣಾಂಶವು ದೇಹಕ್ಕೆ ಸೇರುವುದನ್ನು ಅವು ತಗ್ಗಿಸುತ್ತವೆ.

ಈ ಹೊಣೆ ತಾಯಿಯೊಬ್ಬಳದೇ ಅಲ್ಲ. ಪತ್ನಿಯು ಹಾಲು ಕರೆಯುವ ವೇಳೆಗೆ ಪತಿಯು ಅಂಬಲಿ ಕಾಯಿಸಿದರೆ ಆತನ ಗೌರವಕ್ಕೆ ಕುಂದಿಲ್ಲ, ಮಗುವಿನ ಹೊಟ್ಟೆಗೆ ಕೊರತೆಯಿಲ್ಲ. ಮಗನಿಗೂ ಮಗಳಿಗೂ ಸಮನಾಗಿ ಬಡಿಸಿ, ಉಂಡ ಬಳಿಕವೇ ಶಾಲೆಗೆ ಕಳುಹಿಸಿರಿ.