ಪರದೆಯ ಅನ್ವಯ

ಹಳಗನ್ನಡದ ಪದ್ಯವನ್ನು ಪಾಠ ಹೇಳುವ ಅಧ್ಯಾಪಕನು ತಾತ್ಪರ್ಯಕ್ಕೆ ಹೋಗುವ ಮೊದಲು ಅನ್ವಯವನ್ನು ಮಾಡಿಕೊಳ್ಳುತ್ತಾನೆಂಬುದು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲ ವಿಷಯ. ಛಂದಸ್ಸಿನ ಅನುಕೂಲಕ್ಕಾಗಿ ಕವಿಯು ಕರ್ತೃಪದವನ್ನು ಒಂದು ಪಾದದಲ್ಲಿಯೂ ಕ್ರಿಯಾಪದವನ್ನು ಮತ್ತೊಂದು ಪಾದದಲ್ಲಿಯೂ ಇರಿಸಿರುತ್ತಾನೆ. ಯಾವ ಪದವು ಯಾವುದರೊಡನೆ ಕೂಡಿಕೊಳ್ಳತಕ್ಕುದೆಂಬುದು ಗೊತ್ತಾಗುವವರೆಗೆ ಪದ್ಯದ ಅರ್ಥ ಕೈಗೆ ಹತ್ತದು. ಗಣಕಯಂತ್ರದ ಪರದೆಗೂ ಇಂಥದೇ ಒಂದು ಅನ್ವಯವುಂಟೆಂದು ನನಗೆ ತಿಳಿದುದು ತೀರ ಈಚೆಗೆ. ಅದೂ ಒಬ್ಬ ಬಡ ವಿದ್ಯಾರ್ಥಿಯ ಅರ್ಜಿ ಹಿಂದಿರುಗಿ ಬಂದ ಸಂದರ್ಭದಲ್ಲಿ.

ಆ ಹುಡುಗನು ಕುರುಗೋಡಿನ ಕಡೆಯ ಒಂದು ಹಳ್ಳಿಯವನು. ವಿದ್ಯಾರ್ಥಿವೇತನಕ್ಕಾಗಿ ಒಂದು ಸಂಸ್ಥೆಯವರಿಗೆ ಗಣಕಯಂತ್ರದ ಮೂಲಕವೇ ಅರ್ಜಿ ಹಾಕಬೇಕಾಗಿತ್ತು. ಜಿಲ್ಲೆಯನ್ನು ಆರಿಸಿದೊಡನೆ ತಾಲ್ಲೂಕುಗಳ ಪಟ್ಟಿಯೊಂದು ಕೆಳಗಿಳಿದು ತೆರೆದುಕೊಂಡಿತು. ಅದರಲ್ಲಿ ಕುರುಗೋಡು ಇರಲಿಲ್ಲ. ಕುರುಗೋಡು ಬಹುಕಾಲ ಬಳ್ಳಾರಿ ತಾಲ್ಲೂಕಿನಲ್ಲಿದ್ದ ಊರು. 2017ರ ಮುಂಗಡಪತ್ರದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಕಂಪ್ಲಿ ಮತ್ತು ಕೊಟ್ಟೂರುಗಳೊಡನೆ ಅದೂ ಸೇರಿತು. 2021ರಲ್ಲಿ ವಿಜಯನಗರ ಜಿಲ್ಲೆಯು ಪ್ರತ್ಯೇಕವಾದ ಮೇಲೆ ಬಳ್ಳಾರಿ ಜಿಲ್ಲೆಗೆ ಉಳಿದವು ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು ಎಂಬ ಐದು ತಾಲ್ಲೂಕುಗಳು. ಆ ಪಟ್ಟಿಯಾದರೋ ಹೊಸಪೇಟೆ, ಕೂಡ್ಲಿಗಿ, ಹಡಗಲಿಗಳನ್ನೂ ಬಳ್ಳಾರಿ ಜಿಲ್ಲೆಯಲ್ಲಿಯೇ ತೋರಿಸುತ್ತಿತ್ತು. ಹುಡುಗನು ಬೇರೆ ದಾರಿ ಕಾಣದೆ ‘ಬಳ್ಳಾರಿ’ ಎಂದು ಆರಿಸಿದ. ಅವನ ಆದಾಯ ಪ್ರಮಾಣಪತ್ರದಲ್ಲಿ ‘ಕುರುಗೋಡು ತಾಲ್ಲೂಕು’ ಎಂದಿತ್ತು. ಎರಡೂ ತಾಳೆಯಾಗಲಿಲ್ಲವೆಂದು ಅರ್ಜಿಯನ್ನು ಹಿಂದಿರುಗಿಸಿದರು.

ಬಳ್ಳಾರಿಯಲ್ಲಿ ಗಣಕಯಂತ್ರದ ಕೆಲಸದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನಿಗೆ ಆ ಪರದೆಯನ್ನು ತೋರಿಸಿದೆ. ಅವನು ಕ್ಷಣಮಾತ್ರ ನೋಡಿ, “ಗುರುಗಳೇ, ಈ ಪಟ್ಟಿಯನ್ನು ಬರೆದಿಟ್ಟಿದ್ದಾರೆ, ಕಟ್ಟಿಲ್ಲ” ಎಂದನು. ಬರೆಯುವುದಕ್ಕೂ ಕಟ್ಟುವುದಕ್ಕೂ ಇರುವ ಈ ಅಂತರವೇ ಪ್ರಸ್ತುತ ಲೇಖನದ ವಸ್ತು.

ಈ ಕಟ್ಟುವಿಕೆಗೆ ಆ ವೃತ್ತಿಯವರು ಡಾಟಾ ಬೈಂಡಿಂಗ್ ಎನ್ನುತ್ತಾರೆ. ಡಾಟಾ ಎಂಬುದಕ್ಕೆ ಲ್ಯಾಟಿನ್ ಭಾಷೆಯಲ್ಲಿ ‘ಕೊಡಲ್ಪಟ್ಟವು’ ಎಂದು ಅರ್ಥ. ನಮ್ಮ ‘ದತ್ತ’ ಶಬ್ದದ ಅರ್ಥವೂ ಅದೇ. ಬೈಂಡಿಂಗ್ ಎಂಬುದನ್ನು ‘ಬಂಧನ’ವೆಂದರೆ ಸೆರೆಮನೆಯ ನೆನಪಾಗುತ್ತದೆ; ‘ಸಂಬಂಧ’ವೆಂದರೆ ತೀರ ಸಡಿಲವಾಗುತ್ತದೆ. ‘ದತ್ತಾನ್ವಯ’ ಎಂದರೆ ಸರಿಹೋದೀತೆಂದು ನನ್ನ ಅಭಿಪ್ರಾಯ. ಶಿಷ್ಯನು ಇದಕ್ಕೆ ನಕ್ಕನು. ಆದರೆ ಒಪ್ಪದೆ ಇರಲಿಲ್ಲ.

ವ್ಯಾಕರಣದಿಂದ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ‘ಹುಡುಗನು ಬಂದನು’ ಎಂಬ ವಾಕ್ಯದಲ್ಲಿ ಕರ್ತೃಪದವನ್ನು ಬದಲಿಸಿ ‘ಹುಡುಗಿಯು’ ಎಂದರೆ ಕ್ರಿಯಾಪದವು ತಾನಾಗಿಯೇ ‘ಬಂದಳು’ ಎಂದಾಗುತ್ತದೆ. ‘ಹುಡುಗರು’ ಎಂದರೆ ‘ಬಂದರು’ ಎಂದಾಗುತ್ತದೆ. ಕನ್ನಡವನ್ನು ತಾಯಿನುಡಿಯಾಗಿ ಆಡುವವನು ಕ್ರಿಯಾಪದವನ್ನು ಬೇರೆಯಾಗಿ ತಿದ್ದಲು ಹೋಗುವುದಿಲ್ಲ. ಕ್ರಿಯಾಪದಕ್ಕೆ ಸ್ವಂತದ ಲಿಂಗವಚನಗಳಿಲ್ಲ. ಅದು ಅವನ್ನು ಕರ್ತೃವಿನಿಂದ ಪಡೆಯುತ್ತದೆ. ದತ್ತಾನ್ವಯದಲ್ಲಿಯೂ ಹೀಗೆಯೇ. ಪರದೆಯ ಮೇಲೆ ಅಕ್ಷರಗಳನ್ನು ತುಂಬುವ ಚೌಕ, ಗುರುತು ಹಾಕುವ ಮನೆ, ಆರಿಸಿಕೊಳ್ಳುವ ಪಟ್ಟಿ ಮೊದಲಾದ ಅಂಗಗಳಿರುತ್ತವೆ. ಇವಕ್ಕೆ ಸ್ವಂತದ ಆಸ್ತಿಯೆಂಬುದು ಇರತಕ್ಕುದಲ್ಲ. ಬೇರೆಡೆ ಒಂದು ಮೂಲ ದಾಖಲೆಯಿರುತ್ತದೆ. ‘ಈ ಚೌಕವು ಆ ದಾಖಲೆಯ ಇಂಥ ಅಂಕಣವನ್ನು ತೋರಿಸತಕ್ಕುದು’ ಎಂದು ಕಾರ್ಯಕ್ರಮ ರಚಿಸುವವನು ಒಮ್ಮೆ ವಿಧಿಸಿಬಿಟ್ಟರೆ ಸಾಕು. ಮೂಲವು ಬದಲಾದಾಗ ಚೌಕವೂ ಬದಲಾಗುತ್ತದೆ. ಒಂದು ನಿಬಂಧನೆ ಮಾತ್ರ ಇದೆ: ಮೂಲವು ತಾನು ಬದಲಾದೆನೆಂಬುದನ್ನು ಸಾರಬೇಕು. ಡಂಗುರ ಹೊಡೆಯದ ಊರಿನಲ್ಲಿ ಅಪ್ಪಣೆ ಯಾರಿಗೆ ತಿಳಿದೀತು? ಪರದೆಯು ಹಳೆಯದನ್ನೇ ತೋರಿಸುತ್ತ ಕುಳಿತಿರುವ ಎಷ್ಟೋ ಪ್ರಸಂಗಗಳಲ್ಲಿ ಅನ್ವಯವೇನೋ ಇರುತ್ತದೆ, ಡಂಗುರವಿರುವುದಿಲ್ಲವೆಂದು ಶಿಷ್ಯನು ಹೇಳಿದನು.

ಈ ವಿಚಾರವು ಹೊಸದೇನೂ ಅಲ್ಲ. ನಾರ್ವೆ ದೇಶದ ಟ್ರಿಗ್ವೆ ರೀನ್ಸ್‌ಕೌಗ್ ಎಂಬ ವಿದ್ವಾಂಸರು 1979ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದಾಗ ವಸ್ತುವನ್ನೂ ಅದರ ತೋರಿಕೆಯನ್ನೂ ಬೇರೆ ಬೇರೆಯಾಗಿ ಇರಿಸಬೇಕೆಂಬ ಕ್ರಮವನ್ನು ರೂಪಿಸಿದರು. ಅದೇ ವರ್ಷ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬವರ ವಿಸಿಕ್ಯಾಲ್ಕ್ ಎಂಬ ಲೆಕ್ಕದ ಹಾಳೆ ಮಾರಾಟಕ್ಕೆ ಬಂದಿತು. ನಮ್ಮ ಶಾಲೆಗಳಲ್ಲಿ ಇಂದು ಅಂಕಪಟ್ಟಿಯನ್ನು ಇಂಥ ಹಾಳೆಯಲ್ಲಿಯೇ ಮಾಡುತ್ತಾರೆ. ಕನ್ನಡದ ಅಂಕ 61 ಇದ್ದುದನ್ನು 67 ಎಂದು ತಿದ್ದಿದರೆ ಒಟ್ಟು ಮೊತ್ತವೂ ಶೇಕಡಾವಾರು ಪ್ರಮಾಣವೂ ಮರುಕ್ಷಣದಲ್ಲಿ ತಿದ್ದಿಕೊಳ್ಳುತ್ತವೆ. ಹಿಂದೆ ಕೆಂಪು ಮಸಿಯಿಂದ ಮೂರು ಕಡೆ ತಿದ್ದಿ ಮೂರು ಕಡೆ ಸಹಿ ಹಾಕುತ್ತಿದ್ದೆವು; ಒಂದು ಕಡೆ ಮರೆತರೆ ಹುಡುಗನ ಗತಿ ದೇವರಿಗೇ ಪ್ರೀತಿ.

ನಮ್ಮ ಭಾಗದ ರೈತನಿಗೆ ಈ ಅನ್ವಯವು ಪರಿಚಿತವಾದುದು ಪಹಣಿಯ ರೂಪದಲ್ಲಿ. ಬಳ್ಳಾರಿ ಸೀಮೆಯು 1800ರಲ್ಲಿ ನಿಜಾಮನಿಂದ ಕಂಪನಿಯ ಕೈಸೇರಿತು; ಥಾಮಸ್ ಮನ್ರೋ ಅಧಿಕಾರಿಯಾಗಿದ್ದ 1807ರವರೆಗಿನ ಅವಧಿಯಲ್ಲಿ ರೈತವಾರಿ ಕ್ರಮವು ಇಲ್ಲಿ ಬೇರೂರಿತು. ಒಬ್ಬೊಬ್ಬ ರೈತನ ಹೊಲವೂ ಅವನ ಹೆಸರಿನಲ್ಲಿಯೇ ಲೆಕ್ಕಕ್ಕೆ ಬಂದಮೇಲೆ ಕರಣಿಕರ ಪುಸ್ತಕಕ್ಕೆ ಎಲ್ಲಿಲ್ಲದ ಮಹತ್ತ್ವ ಬಂದಿತು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ ಬಳಿಕವೂ ಹಳ್ಳಿಯ ಲೆಕ್ಕಪುಸ್ತಕವೇ ಮೂಲವಾಗಿ ಉಳಿಯಿತು. ಆದರೆ ಅದರ ನಕಲುಗಳು ಹಲವು: ತಾಲ್ಲೂಕು ಕಚೇರಿಯಲ್ಲಿ ಒಂದು, ಬ್ಯಾಂಕಿನಲ್ಲಿ ಒಂದು, ರೈತನ ಟ್ರಂಕಿನಲ್ಲಿ ಒಂದು. ತಂದೆ ತೀರಿಕೊಂಡು ಮಗನ ಹೆಸರು ಬಂದರೂ ಒಂದೆಡೆ ತಂದೆಯೇ ಬದುಕಿರುತ್ತಿದ್ದನು. ಸಾಲ ತೀರಿದರೂ ಮತ್ತೊಂದೆಡೆ ಸಾಲ ಉಳಿದಿರುತ್ತಿತ್ತು.

ಈ ಶತಮಾನದ ಆರಂಭದಲ್ಲಿ ಬಂದ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಸಿಬ್ಬಂದಿಯ ಕಡೆಗೆ ಒಂದು ಪರದೆ, ರೈತನ ಕಡೆಗೆ ಮತ್ತೊಂದು ಪರದೆ. ಎರಡರಲ್ಲಿಯೂ ಕಾಣುವುದು ಒಂದೇ. ಒಳಗೆ ಏನು ನಡೆಯುತ್ತದೆಂಬುದನ್ನು ಹೊರಗಿನವನೂ ನೋಡಲೆಂಬ ಈ ಏರ್ಪಾಡು ನನಗೆ ಬಹಳ ಹಿಡಿಸಿತು. ಒಂಬತ್ತನೆಯ ಅಂಕಣದಲ್ಲಿ ಒಡೆಯನ ಹೆಸರು, ಹನ್ನೊಂದನೆಯದರಲ್ಲಿ ಋಣಗಳು. ಇವು ಪರದೆಗೆ ಸೇರಿದವಲ್ಲ, ಮೂಲಕ್ಕೆ ಸೇರಿದವು. ಆದರೆ ಮುದ್ರಿಸಿ ಕೈಗೆ ಕೊಟ್ಟ ಪಹಣಿಯು ಅದೇ ಕ್ಷಣದಲ್ಲಿ ಮೂಲದಿಂದ ಕಡಿದುಹೋಗುತ್ತದೆ. ಕಳೆದ ವರ್ಷದ ಪಹಣಿ ತಂದವನನ್ನು ಬ್ಯಾಂಕಿನವರು ‘ಹೊಸದು ತನ್ನಿ’ ಎಂದು ಕಳುಹಿಸುವುದು ಇದಕ್ಕಾಗಿಯೇ. ಅದನ್ನು ಕಿರುಕುಳವೆಂದು ತಿಳಿಯಬೇಕಾಗಿಲ್ಲ. ಇನ್ನೊಂದು ಮಾತನ್ನೂ ಮರೆಯುವಂತಿಲ್ಲ. ಮೂಲದಲ್ಲಿಯೇ ಹೆಸರು ತಪ್ಪಾಗಿ ಏರಿದ್ದರೆ ಎಲ್ಲ ಪರದೆಗಳೂ ಏಕಕಂಠದಿಂದ ಆ ತಪ್ಪನ್ನೇ ಹೇಳುತ್ತವೆ. ಪಹಣಿ ತಿದ್ದುಪಡಿಗೆಂದು ಅಲೆಯುವವರ ಕಷ್ಟ ಈ ಬಗೆಯದು. ಅನ್ವಯವು ನಿಷ್ಠೆಯನ್ನು ಕೊಡುತ್ತದೆ, ಸತ್ಯವನ್ನು ಕೊಡಲಾರದು.

ಇನ್ನು ಪಟ್ಟಿಗಳ ವಿಚಾರ. ಪಹಣಿಯನ್ನು ಹುಡುಕುವಾಗ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸೆ ಎಂದು ಒಂದರ ಬೆನ್ನಿಗೊಂದು ಆರಿಸುತ್ತ ಹೋಗಬೇಕು. ಸಿರುಗುಪ್ಪವನ್ನು ಆರಿಸಿದರೆ ಮುಂದಿನ ಪಟ್ಟಿಯಲ್ಲಿ ತೆಕ್ಕಲಕೋಟೆ, ಹಚ್ಚೊಳ್ಳಿಗಳು ಬರತಕ್ಕುವು. ಬಳ್ಳಾರಿಯನ್ನು ಆರಿಸಿದರೆ ಮೋಕಾ, ರೂಪನಗುಡಿಗಳು. ಹಿಂದಿನ ಪಟ್ಟಿಯಲ್ಲಿ ಆರಿಸಿದುದು ಮುಂದಿನ ಪಟ್ಟಿಗೆ ಕರ್ತೃವಾಗುತ್ತದೆ. ಇಲ್ಲಿ ಸೂಕ್ಷ್ಮವಾದ ಇನ್ನೊಂದು ಯುಕ್ತಿಯುಂಟು. ಪಟ್ಟಿಯು ಕಣ್ಣಿಗೆ ತೋರಿಸುವುದು ಹೆಸರನ್ನು. ಮೂಲಕ್ಕೆ ತಿಳಿಸುವುದು ಆ ಹೆಸರಿಗೆ ಗೊತ್ತುಪಡಿಸಿದ ಒಂದು ಅಂಕೆಯನ್ನು. ಪಂಡಿತನಾದ ನನಗೆ ಇದು ಮೊದಲು ರುಚಿಸಲಿಲ್ಲ. ಊರಿಗೆ ಹೆಸರಿರುವಾಗ ಅಂಕೆಯೇಕೆ? ವಿಚಾರ ಮಾಡಿದಾಗ ಕಾರಣ ಹೊಳೆಯಿತು. ಒಂದೇ ಊರನ್ನು ಒಬ್ಬರು ಕುರುಗೋಡು ಎಂದೂ ಮತ್ತೊಬ್ಬರು ಕುರಗೋಡು ಎಂದೂ ಬರೆಯುತ್ತಾರೆ. ಸಿರುಗುಪ್ಪ, ಸಿರಗುಪ್ಪ, ಸಿರುಗುಪ್ಪೆಗಳ ಕಥೆಯೂ ಅಷ್ಟೇ. ಮನುಷ್ಯರಿಗೆ ಇವೆಲ್ಲ ಒಂದೇ. ಯಂತ್ರಕ್ಕೆ ಒಂದು ಕೊಂಬು ತಪ್ಪಿದರೂ ಬೇರೆ ಊರು. 2014ರ ನವೆಂಬರ್ 1ರಂದು ನಮ್ಮ ನಗರದ ಇಂಗ್ಲಿಷ್ ಹೆಸರು ಬೆಲ್ಲಾರಿ ಹೋಗಿ ಬಳ್ಳಾರಿಯಾಯಿತು. ಅಂಕೆಯಿಂದ ಕಟ್ಟಿದ ಕಡೆಗಳಲ್ಲಿ ಮೂಲದ ಒಂದು ಶಬ್ದವನ್ನು ಬದಲಿಸಿದರೆ ಕೆಲಸ ಮುಗಿಯಿತು. ಹೆಸರನ್ನೇ ನೆಚ್ಚಿ ಬರೆದಿಟ್ಟ ಕಡೆಗಳಲ್ಲಿ ಊರೂರು ಹುಡುಕಿದಂತೆ ಹುಡುಕಿ ತಿದ್ದಬೇಕು.

ಅನ್ವಯದಲ್ಲಿ ಏಕಮುಖ, ದ್ವಿಮುಖವೆಂದು ಎರಡು ಬಗೆ. ತುಂಗಭದ್ರಾ ಜಲಾಶಯದ ನೀರಿನ ಮಟ್ಟವನ್ನು ಸಿರುಗುಪ್ಪದ ಭತ್ತದ ರೈತನು ಪ್ರತಿದಿನ ನೋಡುತ್ತಾನೆ. 1633 ಅಡಿ ತುಂಬಿತೆಂದರೆ ಅವನಿಗೆ ಸಮಾಧಾನ. ಆ ಅಂಕೆ ಅಣೆಕಟ್ಟಿನಿಂದ ಪರದೆಗೆ ಬರಬಹುದಲ್ಲದೆ ಪರದೆಯಿಂದ ಅಣೆಕಟ್ಟಿಗೆ ಹೋಗದು. ಪರದೆಯನ್ನು ತಿದ್ದಿದರೆ ನೀರು ಏರುವುದಿಲ್ಲ. ಇದು ಏಕಮುಖ. ದ್ವಿಮುಖದಲ್ಲಿ ಚೌಕದಲ್ಲಿ ಬರೆದುದು ಮೂಲವನ್ನೇ ಬದಲಿಸುತ್ತದೆ. ವಿಳಾಸ ಬದಲಾಯಿಸಲು ಇದು ಬಹು ಅನುಕೂಲ. ಹೊಲದ ಒಡೆಯನ ಹೆಸರನ್ನು ಬದಲಾಯಿಸಲು ಬಹು ಅಪಾಯಕರ. ಆದ್ದರಿಂದಲೇ ಮ್ಯುಟೇಷನ್ ಎಂಬ ಹಕ್ಕು ಬದಲಾವಣೆಯಲ್ಲಿ ಅರ್ಜಿ, ನೋಟೀಸು, ತಕರಾರಿಗೆ ಅವಕಾಶ, ಕಂದಾಯ ನಿರೀಕ್ಷಕರ ಒಪ್ಪಿಗೆ ಎಂಬ ಮೆಟ್ಟಿಲುಗಳನ್ನು ಇರಿಸಿದ್ದಾರೆ. ‘ಭೂಮಿ’ಯಲ್ಲಿ ಅಧಿಕಾರಿಯು ಬೆರಳಿನ ಗುರುತು ಕೊಟ್ಟು ಒಳಹೋಗುವ ಏರ್ಪಾಡನ್ನು ಮಾಡಿದುದೂ ಇದಕ್ಕಾಗಿಯೇ. ದ್ವಿಮುಖವಾಗಿ ಕಟ್ಟುವುದು ಕಾರ್ಯಕ್ರಮ ರಚಿಸುವವನಿಗೆ ಒಂದು ಶಬ್ದದ ಕೆಲಸವಂತೆ. ಎಲ್ಲಿ ಕಟ್ಟಬಾರದೆಂಬುದನ್ನು ತಿಳಿಯಲು ಮಾತ್ರ ಹಳ್ಳಿಯ ಪರಿಚಯವಿರಬೇಕೆಂದು ನನಗನ್ನಿಸುತ್ತದೆ.

ಹುಡುಗನ ಪ್ರಸಂಗಕ್ಕೆ ಮರಳುತ್ತೇನೆ. ಕುರುಗೋಡು ಎಂಬ ತಾಲ್ಲೂಕು ಉಂಟೆಂದು ತಿಳಿಸಿ, ಆದಾಯ ಪ್ರಮಾಣಪತ್ರದ ಪ್ರತಿಯನ್ನು ಲಗತ್ತಿಸಿ, ನಮ್ಮ ಮುಖ್ಯೋಪಾಧ್ಯಾಯರ ಸಹಿಯೊಡನೆ ಆ ಸಂಸ್ಥೆಗೆ ಪತ್ರ ಬರೆದೆವು. ಉತ್ತರ ಬರುವುದರೊಳಗೆ ಕಡೆಯ ದಿನ ಕಳೆದಿತ್ತು. ಅವನ ತಂದೆ ಆ ವರ್ಷ ಪುಸ್ತಕಗಳಿಗಾಗಿ ಕೈಸಾಲ ಮಾಡಬೇಕಾಯಿತು. ವೇತನ ದೊರೆತುದು ಮರುವರ್ಷ. ಆಗ ಅರ್ಜಿ ತುಂಬಲು ಅವನ ಪಕ್ಕದಲ್ಲಿಯೇ ಕುಳಿತಿದ್ದೆನು. ಪಟ್ಟಿಯ ಕಟ್ಟಕಡೆಯಲ್ಲಿ, ವರ್ಣಮಾಲೆಯ ಕ್ರಮಕ್ಕೂ ಹೊರತಾಗಿ, ‘ಕುರುಗೋಡು’ ಎಂದು ಸೇರಿಸಿದ್ದರು. ಹೊಸಪೇಟೆ ಇನ್ನೂ ಬಳ್ಳಾರಿ ಜಿಲ್ಲೆಯಲ್ಲಿಯೇ ಇತ್ತು, ಕಂಪ್ಲಿ ಇರಲಿಲ್ಲ.