ಸೇರು ಹೋಯಿತು, ಸವ್ವಾಸೇರು ಉಳಿಯಿತು

ಒಬ್ಬ ಜಾಣನನ್ನು ಮೀರಿಸುವ ಇನ್ನೊಬ್ಬ ಜಾಣ ಎದುರಾದಾಗ ‘ಸೇರಿಗೆ ಸವ್ವಾಸೇರು’ ಎನ್ನುವುದುಂಟು. ಹೀಗೆ ಹೇಳುವವರಲ್ಲಿ ಎಷ್ಟೋ ಮಂದಿ ಸೇರನ್ನು ಕಣ್ಣಿನಿಂದ ಕಂಡವರಲ್ಲ. ಅಂಗಡಿಯಲ್ಲಿ ಅಕ್ಕಿ ಬರುವುದು ಕಿಲೋ ಲೆಕ್ಕದಲ್ಲಿ, ಹಾಲು ಬರುವುದು ಲೀಟರ್ ಲೆಕ್ಕದಲ್ಲಿ. ಆದರೆ ಅದೇ ಬೀದಿಯ ತಿರುವಿನಲ್ಲಿ ಹೂವಾಡಗಿತ್ತಿ ಮಲ್ಲಿಗೆಯನ್ನು ಮೊಳದಲ್ಲಿ ಅಳೆಯುತ್ತಾಳೆ. ಮನೆ ಕಟ್ಟುವ ನಿವೇಶನ ಮೂವತ್ತು ನಲವತ್ತು ಅಡಿ, ಹೊಲ ಎಕರೆ ಗುಂಟೆ, ಬಂಗಾರ ತೊಲ. ಊರಿನ ಬಿಸಿಲನ್ನು ಸೆಲ್ಸಿಯಸ್‌ನಲ್ಲಿ ಓದುವ ಮನೆಯಲ್ಲೇ ಮಗುವಿನ ಜ್ವರ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನೂರ ಎರಡು.

ಇದನ್ನು ಜನರ ಅಜ್ಞಾನ ಅಥವಾ ಸೋಮಾರಿತನ ಎಂದು ತಳ್ಳಿಹಾಕುವುದು ಸುಲಭ. ಆದರೆ ಈ ಗೊಂದಲದ ಹಿಂದೆ ಒಂದು ದೊಡ್ಡ ಪ್ರಯೋಗದ ಕಥೆ ಇದೆ. ಸ್ವತಂತ್ರ ಭಾರತ ತನ್ನ ಪ್ರತಿಯೊಬ್ಬ ಪ್ರಜೆಯ ಜೇಬಿಗೂ ತಕ್ಕಡಿಗೂ ಕೈಹಾಕಿದ ಕಥೆ ಅದು. ವಿಜ್ಞಾನ ಹೇಳಿದ್ದನ್ನು ಸರ್ಕಾರ ಕಾನೂನು ಮಾಡಿದಾಗ ಸಂತೆಗೆ ಬಂದ ಸಾಮಾನ್ಯ ಮನುಷ್ಯ ಏನು ಯೋಚಿಸುತ್ತಾನೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹದಿನಾರರ ಗುಟ್ಟು

1957ಕ್ಕೆ ಮುಂಚೆ ರೂಪಾಯಿಗೆ 16 ಆಣೆ. ಆಣೆಗೆ ನಾಲ್ಕು ಪೈಸೆ ಅಥವಾ 12 ಪೈ. ಮೈಸೂರು ಸೀಮೆಯ ಆಡುಮಾತಿನಲ್ಲಿ ಪೈ ಎಂದರೆ ಕಾಸು. ‘ಮೂರು ಕಾಸಿನ ಬೆಲೆಯಿಲ್ಲ’ ಎಂಬ ಬೈಗುಳದಲ್ಲಿ ಇರುವ ಮೂರು ಕಾಸು ಎಂದರೆ ಕಾಲಾಣೆ. ಒಂದು ರೂಪಾಯಿಗೆ ಒಟ್ಟು 192 ಕಾಸು. ಕಾಗದದ ಮೇಲೆ ನೋಡಿದರೆ ಇದೊಂದು ತಲೆನೋವು. ಆದರೆ ಬಾಯಿಲೆಕ್ಕದಲ್ಲಿ ಹಾಗಿರಲಿಲ್ಲ.

ತಕ್ಕಡಿ ಕೈಯಲ್ಲಿದ್ದರೆ ಯಾವ ಕಲ್ಲೂ ಇಲ್ಲದೆ ಒಂದು ವಸ್ತುವನ್ನು ಸರಿಪಾಲು ಮಾಡಬಹುದು. ಸರಿಪಾಲನ್ನು ಮತ್ತೆ ಸರಿಪಾಲು ಮಾಡಬಹುದು. ಹದಿನಾರನ್ನು ಹೀಗೆ ಎಂಟು, ನಾಲ್ಕು, ಎರಡು, ಒಂದು ಎಂದು ಕೊನೆಯವರೆಗೂ ಒಡೆಯಬಹುದು. ನೂರನ್ನು ಎರಡು ಸಲ ಒಡೆದರೆ ಇಪ್ಪತ್ತೈದಕ್ಕೆ ಬಂದು ನಿಲ್ಲುತ್ತದೆ. ಕನ್ನಡದಲ್ಲಿ ಕಾಲು, ಅರೆ, ಮುಕ್ಕಾಲು, ಅರೆಕಾಲು ಎಂಬ ಪುಟ್ಟ ಪುಟ್ಟ ಹೆಸರುಗಳು ಇರುವುದು ಈ ಕಾರಣಕ್ಕೇ. ಹಳೆಯ ಶಾಲೆಗಳಲ್ಲಿ ಮಕ್ಕಳು ಎರಡರ ಮಗ್ಗಿ, ಮೂರರ ಮಗ್ಗಿಯ ಜೊತೆಗೆ ಕಾಲು, ಅರೆ, ಮುಕ್ಕಾಲರ ಮಗ್ಗಿಯನ್ನೂ ಉರುಹೊಡೆಯುತ್ತಿದ್ದರು.

ಸೇರಿಗೆ ಎರಡು ರೂಪಾಯಿ ಆರಾಣೆಯಂತೆ ಮೂರೂವರೆ ಸೇರು ಕೊಂಡರೆ ಎಷ್ಟು? ಮೂರು ಸೇರಿಗೆ ಏಳು ರೂಪಾಯಿ ಎರಡಾಣೆ, ಅರ್ಧ ಸೇರಿಗೆ ಒಂದು ರೂಪಾಯಿ ಮೂರಾಣೆ, ಕೂಡಿದರೆ ಎಂಟು ರೂಪಾಯಿ ಐದಾಣೆ. ಓದುಬರಹ ಬಾರದ ಅಜ್ಜಿ ಕೂಡ ಬೆರಳು ಮಡಿಸುವಷ್ಟರಲ್ಲಿ ಹೇಳಬಹುದಾದ ಲೆಕ್ಕ ಇದು. ಇದನ್ನೇ ಪೈಸೆಗೆ ತಂದರೆ ಸೇರಿನ ಬೆಲೆ ಎರಡು ರೂಪಾಯಿ ಮೂವತ್ತೇಳೂವರೆ ಪೈಸೆ! ಹೊಸ ಪದ್ಧತಿಯನ್ನು ಶಾಲೆಗೆ ಹೋಗುವ ಹುಡುಗ ಒಂದು ವಾರದಲ್ಲಿ ಕಲಿತ. ಜೀವಮಾನವಿಡೀ ಲೆಕ್ಕದಲ್ಲಿ ಗಟ್ಟಿಯಾಗಿದ್ದ ಹಿರಿಯರು ಮಾತ್ರ ಒಂದೇ ದಿನದಲ್ಲಿ ಅನಕ್ಷರಸ್ಥರಾದರು. ಸುಧಾರಣೆಯ ಪರವಾದ ವಾದಗಳಲ್ಲಿ ಈ ನಷ್ಟದ ಲೆಕ್ಕ ಬರಲೇ ಇಲ್ಲ.

ಒಂದೇ ಹೆಸರು, ಹತ್ತು ತೂಕ

ಹಾಗೆಂದು ಹಳೆಯದೆಲ್ಲ ಹೊನ್ನಾಗಿರಲಿಲ್ಲ. ಹಳೆಯ ಪದ್ಧತಿಯ ದೊಡ್ಡ ಪಿಡುಗು ಎಂದರೆ ಒಂದೇ ಹೆಸರಿಗೆ ಊರಿಗೊಂದು ಅರ್ಥ. ರೈಲ್ವೆ ಲೆಕ್ಕದ ಸೇರು 80 ತೊಲದ್ದು, ಅಂದರೆ ಸುಮಾರು 933 ಗ್ರಾಂ. ಮದರಾಸು, ಮೈಸೂರು ಕಡೆಯ ಕಚ್ಚಾ ಸೇರು 24 ತೊಲದ್ದು, 280 ಗ್ರಾಂ ಮಾತ್ರ. ಮದರಾಸಿನ ಮಣ 25 ಪೌಂಡು, ಮುಂಬಯಿಯ ಮಣ 28 ಪೌಂಡು, ರೈಲ್ವೆಯ ಮಣ 82 ಪೌಂಡಿಗೂ ಹೆಚ್ಚು. ಇದು ಸಾಲದೆಂಬಂತೆ ರಾಗಿ ಅಕ್ಕಿಗಳನ್ನು ಅಳೆಯುವ ಸೇರು ತೂಕದ ಮಾತೇ ಅಲ್ಲ, ಅದೊಂದು ಪಾತ್ರೆ. ಪಾವು, ಸೇರು, ಕೊಳಗ, ಖಂಡುಗ ಎಲ್ಲವೂ ಅಳತೆಯ ಪಾತ್ರೆಗಳ ಸಂಸಾರ.

1956ರ ನವೆಂಬರ್ 1ರಂದು ಹೊಸ ಮೈಸೂರು ರಾಜ್ಯ ಉದಯವಾದಾಗ ಕನ್ನಡಿಗರು ಒಂದಾದರು, ಅವರ ಸೇರುಗಳು ಒಂದಾಗಲಿಲ್ಲ. ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂಬ ಐದು ಆಡಳಿತಗಳಿಂದ ಬಂದವರು ತಮ್ಮ ತಮ್ಮ ತೂಕದ ಕಲ್ಲುಗಳನ್ನೂ ಜೊತೆಗೆ ತಂದಿದ್ದರು. ಕಲಬುರಗಿ, ರಾಯಚೂರು, ಬೀದರ ಕಡೆಯವರಿಗಂತೂ ರೂಪಾಯಿಯೇ ಎರಡು ಬಗೆಯದಾಗಿತ್ತು. ನಿಜಾಮರ ಹಾಲಿ ಸಿಕ್ಕಾ ಏಳು ರೂಪಾಯಿ ಕೊಟ್ಟರೆ ಭಾರತ ಸರ್ಕಾರದ ಆರು ರೂಪಾಯಿ. ಇಂಥ ಕಡೆ ಲಾಭ ಮಾಡುವವನು ಎರಡೂ ಊರಿನ ಲೆಕ್ಕ ಬಲ್ಲ ವರ್ತಕ, ನಷ್ಟ ಮಾಡಿಕೊಳ್ಳುವವನು ಒಂದೇ ಊರಿನ ಲೆಕ್ಕ ಬಲ್ಲ ರೈತ.

ಪ್ಯಾರಿಸಿನ ಪಾಠ

ಈ ಬೇನೆ ಭಾರತದ್ದು ಮಾತ್ರವಲ್ಲ. 1789ರಲ್ಲಿ ಫ್ರಾನ್ಸಿನ ಹಳ್ಳಿಗಳಿಂದ ದೊರೆಗೆ ಹೋದ ಅಹವಾಲುಗಳಲ್ಲಿ ಜಮೀನ್ದಾರರ ಅಳತೆಯ ಮೋಸದ ದೂರು ಮತ್ತೆ ಮತ್ತೆ ಬರುತ್ತದೆ. ಧಾನ್ಯದ ಗೇಣಿ ಅಳೆಯುವ ಪಾತ್ರೆ ಒಡೆಯನ ಕೈಯಲ್ಲಿತ್ತು, ಅದು ದೊಡ್ಡದಾದಂತೆ ರೈತನ ಪಾಲು ಸಣ್ಣದಾಗುತ್ತಿತ್ತು. ಎಲ್ಲರಿಗೂ ಒಂದೇ ಅಳತೆ ಬೇಕು ಎಂದು ಕೇಳಿದವರು ವಿಜ್ಞಾನಿಗಳಿಗಿಂತ ಮೊದಲು ರೈತರು. ಅವರಿಗೆ ಸಿಕ್ಕಿದ್ದು ಬೇರೆಯೇ ಆಗಿತ್ತು. ವಿಜ್ಞಾನಿಗಳು ಭೂಮಿಯನ್ನೇ ಅಳೆದು, ಧ್ರುವದಿಂದ ಸಮಭಾಜಕ ವೃತ್ತದವರೆಗಿನ ದೂರದ ಕೋಟಿಯಲ್ಲೊಂದು ಭಾಗವನ್ನು ಮೀಟರ್ ಎಂದು ಕರೆದರು. 1795ರಲ್ಲಿ ಕಾನೂನು ಬಂತು. ಜನ ಅದನ್ನು ಒಪ್ಪಲಿಲ್ಲ. 1812ರಲ್ಲಿ ನೆಪೋಲಿಯನ್ ಸೋತು, ಸಂತೆಯ ವ್ಯವಹಾರಕ್ಕೆ ಹಳೆಯ ಹೆಸರಿನ ಅಳತೆಗಳನ್ನು ಮತ್ತೆ ಬಿಟ್ಟುಕೊಟ್ಟ. ಮೆಟ್ರಿಕ್ ಪದ್ಧತಿ ಫ್ರಾನ್ಸಿನಲ್ಲಿ ಗಟ್ಟಿಯಾಗಿ ಕಡ್ಡಾಯವಾದದ್ದು 1840ರ ಜನವರಿಯಲ್ಲಿ.

ಭಾರತದಲ್ಲೂ ಮೊದಲ ಯತ್ನ ಬಹಳ ಹಿಂದಿನದು. 1870ರಲ್ಲೇ ಬ್ರಿಟಿಷ್ ಸರ್ಕಾರ ಒಂದು ಕಾಯಿದೆ ಮಾಡಿ, ಸೇರು ಎಂಬ ಹೆಸರನ್ನು ಉಳಿಸಿಕೊಂಡು ಅದರ ತೂಕವನ್ನು ಸರಿಯಾಗಿ ಒಂದು ಕಿಲೋಗ್ರಾಂಗೆ ಕಟ್ಟಲು ಹೊರಟಿತ್ತು. ಅದು ಜಾರಿಯಾಗಿದ್ದರೆ ಇಂದು ಅಂಗಡಿಯಲ್ಲಿ ‘ಎರಡು ಸೇರು ಸಕ್ಕರೆ’ ಎಂದು ಕೇಳಬಹುದಾಗಿತ್ತು. ಆದರೆ ಕಾಯಿದೆ ಕಾಗದದಲ್ಲೇ ಉಳಿಯಿತು. ನಾಣ್ಯವನ್ನು ದಶಮಾಂಶಕ್ಕೆ ತರುವ ಮಸೂದೆ 1946ರಲ್ಲಿ ಕೇಂದ್ರ ಶಾಸನಸಭೆಗೆ ಬಂದು ಅಲ್ಲಿಯೇ ಬಿದ್ದುಹೋಯಿತು. ಕೊನೆಗೆ 1955ರಲ್ಲಿ ಸಂಸತ್ತು ನಾಣ್ಯ ಕಾಯಿದೆಗೆ ತಿದ್ದುಪಡಿ ತಂದಿತು. ಮರುವರ್ಷ ತೂಕ ಮತ್ತು ಅಳತೆಗಳ ಕಾಯಿದೆ ಬಂತು.

ಆರೂಕಾಲು ಪೈಸೆಯ ಜಗಳ

1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಹೊಸ ಪೈಸೆ. ಹಳೆಯ ಪೈಸೆಯೊಡನೆ ಬೆರೆಯದಿರಲಿ ಎಂದು ಅದಕ್ಕೆ ‘ನಯಾ ಪೈಸೆ’ ಎಂಬ ಹೆಸರು. ನಾಲ್ಕಾಣೆಗೆ 25, ಎಂಟಾಣೆಗೆ 50. ಇಲ್ಲಿಯವರೆಗೆ ಎಲ್ಲವೂ ಸಲೀಸು. ಜಗಳ ಹುಟ್ಟಿದ್ದು ಅದರ ಕೆಳಗೆ. ಒಂದಾಣೆ ಎಂದರೆ ಆರೂಕಾಲು ಪೈಸೆ. ಆದರೆ ಕಾಲು ಪೈಸೆಯ ನಾಣ್ಯ ಎಲ್ಲಿಂದ ಬರಬೇಕು?

ಸರ್ಕಾರ ಒಂದು ಪರಿವರ್ತನೆಯ ಪಟ್ಟಿ ಮಾಡಿತು. ಅರ್ಧ ಪೈಸೆ ಅಥವಾ ಅದಕ್ಕಿಂತ ಕಡಿಮೆ ಉಳಿದರೆ ಬಿಡುವುದು, ಹೆಚ್ಚಿದ್ದರೆ ಪೂರ್ತಿ ಪೈಸೆ ಹಿಡಿಯುವುದು. ಅದರಂತೆ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಪೈಸೆ. ನ್ಯಾಯವಾದ ಏರ್ಪಾಡೇ. ಆದರೆ ಇದೇ ನಿಯಮದಲ್ಲಿ ಮೂರು ಕಾಸಿನ ಬೆಲೆ ಒಂದೂವರೆ ಪೈಸೆಗೆ ತುಸು ಹೆಚ್ಚಾಗಿ, ಎರಡು ಪೈಸೆಗೆ ಏರುತ್ತದೆ. ಮೂರು ಕಾಸಿನ ಸಾಮಾನನ್ನು ನಾಲ್ಕು ದಿನ ಬೇರೆ ಬೇರೆಯಾಗಿ ಕೊಂಡವನು ಎಂಟು ಪೈಸೆ ಕೊಟ್ಟ. ಅದನ್ನೇ ಒಟ್ಟಿಗೆ ಒಂದಾಣೆಗೆ ಕೊಂಡವನು ಆರು ಪೈಸೆ ಕೊಟ್ಟ. ಒಟ್ಟಿಗೆ ಕೊಳ್ಳುವ ಶಕ್ತಿ ಇದ್ದವನಿಗೆ ಬದಲಾವಣೆ ಗೊತ್ತಾಗಲೇ ಇಲ್ಲ. ದಿನದ ಕೂಲಿಯಲ್ಲಿ ದಿನದ ಎಣ್ಣೆ, ಮೆಣಸಿನಕಾಯಿ ಕೊಳ್ಳುವವನಿಗೆ ಅದು ಕೈ ಕಚ್ಚಿತು. ‘ಹೊಸ ಪೈಸೆ ಬಂತು, ಬೆಲೆ ಏರಿತು’ ಎಂಬ ಮಾತನ್ನು ತಿಳಿಯದವರ ಗೊಣಗಾಟ ಎಂದು ನಗುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಹಾಗಿದ್ದರೂ ಪ್ರಯೋಗ ಗೆದ್ದಿತು. ಗೆಲ್ಲಲು ಕಾರಣ ಭಾಷಣಗಳಲ್ಲ. ಹಳೆಯ ನಾಣ್ಯವೂ ಹೊಸ ನಾಣ್ಯವೂ ಕೆಲವು ವರ್ಷ ಜೊತೆಯಾಗಿಯೇ ಓಡಾಡಿದವು. ರೂಪಾಯಿ ಮಾತ್ರ ರೂಪಾಯಿಯಾಗಿಯೇ ಉಳಿಯಿತು, ಅದರ ಮೌಲ್ಯವನ್ನು ಯಾರೂ ಮುಟ್ಟಲಿಲ್ಲ. ಹೊಸ ನಾಣ್ಯದ ಮೇಲೆ ‘ರೂಪಾಯಿಯ ನೂರನೆಯ ಒಂದು ಭಾಗ’ ಎಂದು ಬರೆದಿತ್ತು, ಆದರೆ ಅದು ಇದ್ದದ್ದು ಹಿಂದಿಯಲ್ಲಿ. ಕನ್ನಡ ನಾಡಿನ ಹಳ್ಳಿಗರಿಗೆ ನೆರವಾದದ್ದು ಆ ಬರಹಕ್ಕಿಂತ ನಾಣ್ಯದ ಆಕಾರ. ಒಂದು ಪೈಸೆ ದುಂಡಗೆ, ಐದು ಪೈಸೆ ಚೌಕ, ಎರಡು ಮತ್ತು ಹತ್ತು ಪೈಸೆ ಅಲೆಯಂಚಿನವು. ಓದು ಬಾರದಿದ್ದರೂ ಕತ್ತಲೆಯಲ್ಲಿ ಬೆರಳಾಡಿಸಿ ಗುರುತಿಸಬಹುದಿತ್ತು.

ತೂಕದ ಬದಲಾವಣೆಯೂ ಹೀಗೆ ಹಂತಹಂತವಾಗಿಯೇ ನಡೆಯಿತು. 1958ರ ಅಕ್ಟೋಬರ್ 1ರಂದು ಆಯ್ದ ಪ್ರದೇಶಗಳಲ್ಲಿ ಕಿಲೋಗ್ರಾಂ ಕಾಲಿಟ್ಟಿತು. 1962ರ ಹೊತ್ತಿಗೆ ದೇಶದಾದ್ಯಂತ ಕಡ್ಡಾಯವಾಯಿತು. ಫ್ರಾನ್ಸಿಗೆ 45 ವರ್ಷ ಹಿಡಿದ ಕೆಲಸ ಇಲ್ಲಿ ಕೆಲವೇ ವರ್ಷಗಳಲ್ಲಿ ಆಯಿತು. ಬ್ರಿಟನ್ ತನ್ನ ಪೌಂಡನ್ನು ನೂರು ಪೆನ್ನಿಗಳಾಗಿ ಒಡೆದದ್ದು 1971ರ ಫೆಬ್ರವರಿಯಲ್ಲಿ, ಭಾರತಕ್ಕಿಂತ ಹದಿನಾಲ್ಕು ವರ್ಷ ತಡವಾಗಿ. ಅಮೆರಿಕ 1975ರಲ್ಲಿ ಮೆಟ್ರಿಕ್ ಕಾಯಿದೆ ಮಾಡಿಯೂ, ಇಷ್ಟವಿದ್ದವರು ಬಳಸಲಿ ಎಂದು ಬಿಟ್ಟದ್ದರಿಂದ ಇಂದಿಗೂ ಮೈಲಿ, ಪೌಂಡುಗಳಲ್ಲೇ ಇದೆ.

ಕಣ್ಣಿಗೆ ಕಂಡ ನ್ಯಾಯ

ಹಾಗಾದರೆ ಮೊಳ, ಗುಂಟೆ, ಅಡಿಗಳು ಏಕೆ ಉಳಿದವು? ಕೆಲವು ಕಡೆ ಸರ್ಕಾರವೇ ಹಳೆಯದನ್ನು ಬಿಡಲಿಲ್ಲ. ಕರ್ನಾಟಕದ ಪಹಣಿಯಲ್ಲಿ ಇಂದಿಗೂ ಇರುವುದು ಎಕರೆ, ಗುಂಟೆ. ಉಳಿದ ಕಡೆ ಕಾರಣ ಇನ್ನೂ ಆಳವಾದದ್ದು.

ಹಿಂದೆ ಕಣದಲ್ಲಿ ರಾಶಿ ಅಳೆಯುವಾಗ ‘ಒಂದು’ ಎನ್ನುವ ಬದಲು ‘ಲಾಭ’ ಎಂದು ಕೂಗಿ ಎಣಿಕೆ ಶುರು ಮಾಡುತ್ತಿದ್ದರು. ಸೇರಿನ ಬಾಯಿಗೆ ಗೋಪುರವಾಗಿ ತುಂಬಿದ್ದಾರೋ ಕೈಯಿಂದ ಸವರಿ ಮಟ್ಟಮಾಡಿದ್ದಾರೋ ಎಂಬುದು ನಿಂತವರಿಗೆಲ್ಲ ಕಾಣುತ್ತಿತ್ತು. ಎಣಿಕೆ ಕಿವಿಗೆ ಕೇಳುತ್ತಿತ್ತು. ಅಳತೆ ಮುಗಿದ ಮೇಲೆ ಒಂದು ಹಿಡಿ ಕೊಸರು. ಅದು ನಿಖರವಾದ ಅಳತೆಯಲ್ಲ, ಆದರೆ ಸಾಕ್ಷಿಗಳ ಮುಂದೆ ನಡೆದ ಅಳತೆ. ತಕ್ಕಡಿಯ ಕಥೆ ಹಾಗಲ್ಲ. ಕಲ್ಲಿನ ತೂಕ ಸರಿಯೋ, ತಟ್ಟೆಯ ಕೆಳಗೆ ಏನಾದರೂ ಅಂಟಿಸಿದ್ದಾರೋ ಎಂಬುದು ಕೊಳ್ಳುವವನಿಗೆ ಕಾಣುವುದಿಲ್ಲ. ಅವನು ಅಂಗಡಿಯವನನ್ನು ನಂಬಬೇಕು, ಅಂಗಡಿಯವನ ಮೇಲೆ ಕಣ್ಣಿಟ್ಟ ಇಲಾಖೆಯನ್ನೂ ನಂಬಬೇಕು. ತೂಕದ ಕಲ್ಲುಗಳನ್ನು ಕಾಲಕಾಲಕ್ಕೆ ಪರೀಕ್ಷಿಸಿ ಮುದ್ರೆ ಒತ್ತುವ ಕೆಲಸ ನೀರಸವೆಂದು ತೋರಬಹುದು. ಆದರೆ ಮೆಟ್ರಿಕ್ ಪದ್ಧತಿಯನ್ನು ಹೊತ್ತು ನಿಂತಿರುವುದು ಆ ಸಣ್ಣ ಮುದ್ರೆ. ಹೂವಾಡಗಿತ್ತಿಯ ಮೊಳಕ್ಕೆ ಮುದ್ರೆ ಬೇಡ. ಕೈ ಚಿಕ್ಕದೋ ದೊಡ್ಡದೋ ಎದುರಿಗೇ ಕಾಣುತ್ತದೆ.

ಹೊಸದರ ಬಗ್ಗೆ ಜನ ಆಡುವ ಮಾತಿನಲ್ಲಿ ಈ ಎಳೆಯನ್ನು ಇಂದೂ ಕಾಣಬಹುದು. ಹತ್ತು ರೂಪಾಯಿ ನಾಣ್ಯ ಹಲವು ವಿನ್ಯಾಸಗಳಲ್ಲಿ ಬಂದಾಗ ‘ಇದು ಖೋಟಾ’ ಎಂಬ ಗುಲ್ಲು ಹಬ್ಬಿ, ಅಂಗಡಿಗಳೂ ಬಸ್ಸುಗಳೂ ಅದನ್ನು ನಿರಾಕರಿಸಿದವು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಹದಿನಾಲ್ಕೂ ವಿನ್ಯಾಸಗಳು ಅಸಲಿಯೇ ಎಂದು ಸ್ಪಷ್ಟಪಡಿಸಬೇಕಾಯಿತು. ಅಷ್ಟಾದರೂ ಅಂಜಿಕೆ ಬೇಗ ಹೋಗಲಿಲ್ಲ. ಅದೇ ಜನ 2016ರಲ್ಲಿ ಶುರುವಾದ ಮೊಬೈಲ್ ಪಾವತಿಯನ್ನು ಕೆಲವೇ ವರ್ಷಗಳಲ್ಲಿ ಒಪ್ಪಿಕೊಂಡರು. ತರಕಾರಿ ಗಾಡಿಯ ಮೇಲಿನ ಪುಟ್ಟ ಪೆಟ್ಟಿಗೆ ಇಷ್ಟು ರೂಪಾಯಿ ಬಂತೆಂದು ಎಲ್ಲರಿಗೂ ಕೇಳುವಂತೆ ಕೂಗಿ ಹೇಳುತ್ತದೆ. ಕಣದಲ್ಲಿ ‘ಲಾಭ’ ಎಂದು ಕೂಗುತ್ತಿದ್ದ ದನಿಗೆ ಅದು ಬಹಳ ದೂರದ್ದೇನಲ್ಲ. ಕಣ್ಣಿಗೆ ಕಾಣದ ಹಣವನ್ನು ಕಿವಿಗೆ ಕೇಳಿಸಿದ ಮೇಲೆ ನಂಬಿಕೆ ತಾನಾಗಿ ಬಂತು.

ಸರ್ಕಾರದ ಹೊಸ ನೀತಿಯನ್ನು ಜನ ಅನುಮಾನಿಸಿದಾಗ ‘ಇವರಿಗೆ ವಿಜ್ಞಾನ ತಿಳಿಯದು’ ಎನ್ನುವುದು ವಾಡಿಕೆ. ಆರೂಕಾಲು ಪೈಸೆಯ ಕಥೆ ಹೇಳುವುದು ಬೇರೆ. ಜನರ ಪ್ರಶ್ನೆ ವಿಜ್ಞಾನ ಸರಿಯೇ ಎಂಬುದಲ್ಲ. ಆ ಉಳಿದ ಕಾಲು ಪೈಸೆ ಯಾರ ಜೇಬಿಗೆ ಹೋಗುತ್ತದೆ ಎಂಬುದು. ಅದಕ್ಕೆ ಉತ್ತರ ಸಿಕ್ಕಿದ ಕಡೆ ಹೊಸದು ನೆಲೆಯಾಗಿದೆ, ಸಿಗದ ಕಡೆ ಹಳೆಯದು ಗಟ್ಟಿಯಾಗಿ ಕುಳಿತಿದೆ.

1964ರ ಜೂನ್ 1ರಿಂದ ಸರ್ಕಾರ ‘ನಯಾ’ ಎಂಬ ಮಾತನ್ನು ಕೈಬಿಟ್ಟಿತು. ಅಷ್ಟು ಹೊತ್ತಿಗೆ ಪೈಸೆ ಹೊಸದಾಗಿ ಉಳಿದಿರಲಿಲ್ಲ. 2011ರ ಜೂನ್ 30ರಂದು ನಾಲ್ಕಾಣೆ ಹಾಗೂ ಅದರ ಕೆಳಗಿನ ನಾಣ್ಯಗಳೆಲ್ಲ ಚಲಾವಣೆಯಿಂದ ಹೊರಬಿದ್ದವು. ಆದರೂ ಜಗಳಕ್ಕೆ ನಿಂತ ದಾಯಾದಿಗಳು ಈಗಲೂ ಹೇಳುವುದು ‘ಒಂದು ನಯಾ ಪೈಸೆ ಕೊಡುವುದಿಲ್ಲ’ ಎಂದೇ. ಒಂದು ಕಾಲದಲ್ಲಿ ಜನ ಕೈಯಲ್ಲಿ ಹಿಡಿಯಲು ಅಂಜಿದ ನಾಣ್ಯ ಇಂದು ಅವರ ಬಾಯಲ್ಲಿ, ಕಾಸು ಮತ್ತು ಸೇರುಗಳ ಪಕ್ಕದಲ್ಲೇ ಕುಳಿತಿದೆ.